ಅಳಬಾರದು, ನಗಬಾರದು

ಕತ್ತಿನ ಹಿಂದೆ ಯಾರೋ ಹೊಡೆದರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಗದಗಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸ್ವಿಚ್ ಬೋರ್ಡಿನ ಮುಂದೆ ಕೂತಿದ್ದ ನನ್ನ ಹಿಂದೆ ಬರೀ ಗೋಡೆ ಇತ್ತು. ಪಕ್ಕದ ಬೋರ್ಡಿನ ಸರೋಜಾ ಯಾರಿಗೋ ‘ನಂಬರ ಹೇಳ್ರಿ’ ಅನ್ನುತ್ತಿದ್ದಳು. ನಾನು ಹತ್ತಿಯ ದಲಾಲರೊಬ್ಬರಿಗೆ ಮುಂಬಯಿಯ ಟ್ರಂಕ್ ಕಾಲ್ ಕೂಡಿಸುತ್ತಿದ್ದೆ. ಅವರು ‘ಹಲೋ, ಹಲೋ’ ಅನ್ನುವುದು ಕಿವಿಯಲ್ಲಿ ಕೇಳುತ್ತಿತ್ತು. ಆ ದನಿ ದೂರ ಹೋಯಿತು. ತಲೆಯೊಳಗೆ ಯಾರೋ ಕುದಿಯುವ ನೀರು ಸುರಿದಂತಾಗಿ, ಆ ಬಿಸಿ ಕತ್ತಿನಿಂದ ಬೆನ್ನಿಗೆ ಇಳಿಯಿತು. ಸರೋಜಾಳಿಗೆ ‘ನನ್ನ ಬೋರ್ಡ್ ನೋಡ್ಕೋ’ ಅಂದೆನಂತೆ. ಅದು ನನಗೆ ನೆನಪಿಲ್ಲ. ಆಮೇಲೆ ಕೂತಲ್ಲೇ ವಾಂತಿ ಮಾಡಿಕೊಂಡೆನಂತೆ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆ ಅದು. ನನಗೆ ಮೂವತ್ತು ದಾಟಿತ್ತು. ನನ್ನ ಹೆಸರು ನೀಲಾ. ತವರು ಮುಂಡರಗಿ, ಗಂಡನ ಮನೆ ಬೆಟಗೇರಿ. ನಮ್ಮ ಮನೆಯವರು ಗದಗಿನ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಅತ್ತೆ ನಮ್ಮ ಜೊತೆಗಿದ್ದರು. ಮಗಳು ಸುಮಾ ಆಗಷ್ಟೇ ಶಾಲೆಗೆ ಸೇರಿದ್ದಳು. ಅಲ್ಲಿಯವರೆಗೆ ನನಗೆ ಹೆರಿಗೆ ಬಿಟ್ಟರೆ ಆಸ್ಪತ್ರೆ ಗೊತ್ತಿರಲಿಲ್ಲ.

ಬೆಟಗೇರಿಯ ಒಂದು ಆಸ್ಪತ್ರೆಗೆ ನನ್ನನ್ನು ಟಾಂಗಾದಲ್ಲಿ ತಂದರು. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಡಾಕ್ಟರು ನನ್ನ ತಲೆಯ ಕೆಳಗೆ ಕೈಯಿಟ್ಟು ಮೇಲಕ್ಕೆತ್ತಲು ನೋಡಿದರು. ಕತ್ತು ಬಾಗಲಿಲ್ಲ, ಇಡೀ ಮೈಯೇ ಹಲಗೆಯ ಹಾಗೆ ಎದ್ದುಬಂತು. ಧಾರವಾಡ ಕಡೆಯ ಹಿರಿಯರು ಅವರು, ಮೆಲುದನಿಯವರು. ಹೊರಗೆ ಬಾಗಿಲಲ್ಲಿ ನಿಂತು ನಮ್ಮವರಿಗೆ ಹೇಳಿದ್ದು ನನಗೂ ಕೇಳಿಸಿತು.

‘ಬೆನ್ನಿನ ನೀರು ತಗದು ನೋಡಬೇಕು.’

ಅತ್ತೆ ಒಮ್ಮೆಲೇ ದನಿ ಎತ್ತಿದರು. ‘ಬ್ಯಾಡ್ರಿ ಸಾಹೇಬ್ರ. ಬೆನ್ನಾಗ ಸೂಜಿ ಚುಚ್ಚಿದ್ರ ಸೊಂಟಾ ಬೀಳತೈತಿ. ಎದ್ದು ಓಡಾಡೂ ಹೆಣ್ಣಮಗಳನ್ನ ಕುಂಡ್ರಿಸಿ ಕಳಸ್ತೀರೇನು?’

‘ಸೊಂಟಾ ಬೀಳೂದಿಲ್ಲವ್ವ. ಮಿದುಳಿನ ಸುತ್ತ ನೀರಿರತೈತಿ, ಅದಕ್ಕ ಪೆಟ್ಟ ಬೀಳಧಂಗ ಕಾಯತೈತಿ. ಅದ ನೀರು ಬೆನ್ನಿಗೂ ಇಳದಿರತೈತಿ. ಅದನ್ನ ನೋಡಿದ್ರ ಮ್ಯಾಲೆ ಏನಾಗೇತಿ ಅಂತ ನಮಗ ತಿಳೀತೈತಿ.’

‘ಜ್ವರದ ಬ್ಯಾನಿ ಇದ್ದೀತು. ಗುಳಿಗಿ ಕೊಟ್ಟ ನೋಡ್ರಲಾ.’

ನಮ್ಮ ಮನೆಯವರು ಮಾತು ಕಡಿಮೆಯ ಮನುಷ್ಯ. ತಾಯಿಗೆ ಎದುರಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಆ ಹೊತ್ತು ಅವರು, ‘ನೀ ಸುಮ್ನಿರವ್ವ. ತಗೀರಿ ಸಾಹೇಬ್ರ,’ ಅಂದರು.

ನನ್ನನ್ನು ಪಕ್ಕಕ್ಕೆ ಹೊರಳಿಸಿ ಮೊಣಕಾಲು ಹೊಟ್ಟೆಗೆ ಹತ್ತಿಸಿ ಮುದ್ದೆ ಮಾಡಿ ಮಲಗಿಸಿದರು. ಸಿಸ್ಟರ್ ಒಬ್ಬರು ನನ್ನ ಕತ್ತು, ಮೊಣಕಾಲು ಎರಡನ್ನೂ ತಬ್ಬಿ ಹಿಡಿದಿದ್ದರು. ಅವರ ಸೀರೆಯಿಂದ ಗಂಜಿಯ ವಾಸನೆ ಬರುತ್ತಿತ್ತು. ಸೂಜಿಯ ನೋವಿಗಿಂತ ಆ ವಾಸನೆಯೇ ಚೆನ್ನಾಗಿ ನೆನಪಿದೆ. ಡಾಕ್ಟರು ಗಾಜಿನ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸ್ವಲ್ಪ ತಡೆದು ಇನ್ನೊಂದನ್ನು ಹಿಡಿದರು. ಎರಡರಲ್ಲೂ ಗುಲಾಲು ಕಲಸಿದ ನೀರಿನ ಬಣ್ಣ.

‘ಸೂಜಿ ತಾಗಿ ಬಂದ ರಕ್ತ ಆಗಿದ್ರ ಎರಡನೇದು ತಿಳಿ ಆಗಬೇಕಿತ್ತು,’ ಎಂದು ಅವರು ಸಿಸ್ಟರಿಗೆ ಹೇಳಿದರು. ನನ್ನ ತಲೆಯೊಳಗೆ ಒಂದು ರಕ್ತನಾಳ ಒಡೆದು ಆ ನೀರಿಗೆ ಸೋರಿದೆ ಅನ್ನುವುದು ನನಗೆ ಹಾಗೆ ಗೊತ್ತಾಯಿತು. ಗೊತ್ತಾಗಿ ಏನನ್ನಿಸಿತೆಂದು ಆಮೇಲೆ ಅನೇಕರು ಕೇಳಿದ್ದಾರೆ. ಏನೂ ಅನ್ನಿಸಲಿಲ್ಲ. ಬೇರೆ ಯಾರದೋ ಸುದ್ದಿ ನನ್ನ ಲೈನಿನಲ್ಲಿ ಹಾದುಹೋದಂತೆ ಇತ್ತು.

ನಮ್ಮಣ್ಣ ಮಲ್ಲೇಶಪ್ಪ ಮುಂಡರಗಿಯಿಂದ ಮರುದಿನವೇ ಬಂದ. ಬೆಂಗಳೂರಿಗೆ ಒಯ್ಯೋಣ, ಅಲ್ಲಿ ತಲೆ ತೆರೆದು ನೋಡುತ್ತಾರೆ ಅಂದ. ಡಾಕ್ಟರು ಬೇಡ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ‘ರೈಲಿನ ಕುಲುಕಾಟಕ್ಕ ಮತ್ತ ಒಡದ್ರ ನಡು ದಾರ್ಯಾಗ ಯಾರೂ ಏನೂ ಮಾಡಾಕ ಬರೂದಿಲ್ಲ. ಇಲ್ಲೇ ಅಲುಗಾಡಧಂಗ ಮಲಗಿಸಿದ್ರ ತಾನ ಮುಚ್ಚಿಕೊಳ್ಳಬಹುದು. ಮುಚ್ಚಿಕೊಳ್ಳಲಿಕ್ಕೂ ಇಲ್ಲ,’ ಅಂದರು. ಅಣ್ಣ ಮತ್ತು ನಮ್ಮವರು ಬೇವಿನ ಗಿಡದ ಕೆಳಗೆ ಬಹಳ ಹೊತ್ತು ನಿಂತಿದ್ದರಂತೆ. ಇಲ್ಲೇ ಇರಲಿ ಎಂದು ನಿಶ್ಚಯವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಹೆಂಗಸರ ವಾರ್ಡಿನ ಮೂಲೆಯ ಮಂಚ ನನ್ನದಾಯಿತು. ಕಿಟಕಿಗೆ ನೀಲಿ ಕಾಗದ ಅಂಟಿಸಿದರು. ದಿಂಬು ತೆಗೆದರು. ಡಾಕ್ಟರು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ನನಗೇ ನೇರವಾಗಿ ಹೇಳಿದರು.

‘ನೋಡವ್ವಾ ನೀಲಾ, ಏಳಬಾರದು. ತಿಣುಕಬಾರದು. ಜೋರಾಗಿ ಕೆಮ್ಮಬಾರದು. ಸಿಟ್ಟಿಗೇಳಬಾರದು. ಅಳಬಾರದು, ನಗಬಾರದು. ಒಟ್ಟ ಮನಸ್ಸಿಗೆ ಏನೂ ಹಚ್ಚಿಕೋಬಾರದು. ಆಗತೈತೇನು?’

‘ಆಗತೈತ್ರಿ,’ ಅಂದೆ.

ಅಷ್ಟು ಸುಲಭವಾಗಿ ಆಗುತ್ತದೆಂದು ನಾನೂ ತಿಳಿದಿರಲಿಲ್ಲ. ದಿನಕ್ಕೆರಡು ಬಾರಿ ಬಿಳಿ ಗುಳಿಗೆ ಕೊಡುತ್ತಿದ್ದರು. ನುಂಗಿದ ಮೇಲೆ ಎಲ್ಲರ ಮಾತೂ ಅರಳೆಯ ಮೂಟೆಯ ಆಚೆಯಿಂದ ಬರುತ್ತಿತ್ತು. ಫ್ಯಾನಿನ ರೆಕ್ಕೆಗೆ ಒಂದು ದಾರ ಸಿಕ್ಕಿಕೊಂಡಿತ್ತು. ಅದು ತಿರುಗುವುದನ್ನು ನೋಡುತ್ತ ಮಲಗಿರುತ್ತಿದ್ದೆ. ಹೆದರಿಕೆ ಆಗುತ್ತದೆಯೇ ಎಂದು ಕಾದೆ. ಆಗಲಿಲ್ಲ. ನನ್ನ ಹೆದರಿಕೆಯನ್ನೆಲ್ಲ ಬೇರೆಯವರು ಹೊತ್ತುಕೊಂಡಿದ್ದರು. ಬಾಗಿಲ ಬಳಿ ಬಂದವರು ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದರು. ಅತ್ತೆ ಗಂಜಿ ಕುಡಿಸುವಾಗ ಚಮಚವನ್ನು ಹಲ್ಲಿಗೆ ತಾಗದಂತೆ ಹಿಡಿಯುತ್ತಿದ್ದರು.

ಒಂದು ದಿನ ನಮ್ಮವರು ಸುಮಾಳನ್ನು ಕರೆತಂದರು. ಅವ್ವನ ಮುಂದೆ ಅಳಬಾರದು ಎಂದು ಅವಳಿಗೆ ಹೇಳಿಟ್ಟಿದ್ದರು. ಅವಳು ಫ್ರಾಕಿನ ಅಂಚನ್ನು ಬಾಯಲ್ಲಿ ತುರುಕಿಕೊಂಡು ಬಾಗಿಲಲ್ಲಿ ನಿಂತಳು. ನಾನು ಅವಳ ಕಾಲು ನೋಡಿದೆ. ಧೂಳಾಗಿದ್ದವು. ಯಾರಾದರೂ ಕಾಲು ತೊಳೆಸಬೇಕಿತ್ತು ಅಂದುಕೊಂಡೆ. ಅಷ್ಟೇ. ಹೆತ್ತ ಮಗಳನ್ನು ಕಂಡು ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲ. ಅವಳು ಹೋದ ಮೇಲೆ, ಇದು ಗುಳಿಗೆಯದೋ ನನ್ನದೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಯೋಚನೆ ಅಲ್ಲಿಗೇ ನಿಂತಿತು.

ನನ್ನ ಪಕ್ಕದ ಮಂಚದಲ್ಲಿ ಲಕ್ಷ್ಮೇಶ್ವರದ ಖತೀಜಾಬಿ ಇದ್ದರು. ತೊಡೆಯ ಎಲುಬು ಮುರಿದು ಅವರ ಕಾಲಿಗೆ ಇಟ್ಟಂಗಿಯ ಭಾರ ತೂಗಿಬಿಟ್ಟಿದ್ದರು. ಅವರೂ ಹೊರಳುವಂತಿಲ್ಲ, ನಾನೂ ಹೊರಳುವಂತಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ, ಇಬ್ಬರೂ ಚಾವಣಿಯ ಕಡೆ ಮುಖ ಮಾಡಿ ಮಾತಾಡುತ್ತಿದ್ದೆವು. ಮಾತಾಡುತ್ತಿದ್ದವರು ಅವರೇ. ಅವರ ಮನೆಯದು ಬಳೆ ವ್ಯಾಪಾರ. ಶಿರಹಟ್ಟಿ, ಮಾಗಡಿ, ಸುತ್ತಿನ ಹಳ್ಳಿಗಳನ್ನೆಲ್ಲ ಗಂಡನ ಜೊತೆ ತಿರುಗಿದವರು.

‘ಏ ತಂಗಿ, ನಿದ್ದಿ ಬಂತೇನು? ಇಲ್ಲಂದ್ರ ಕೇಳ. ಮಾಗಡ್ಯಾಗ ಒಬ್ಬಾಕಿ ಗೌಡ್ತಿ ಇದ್ಲು. ಕೈ ಇಷ್ಟ ದಪ್ಪ, ಬಳಿ ಮಾತ್ರ ಸಣ್ಣ ಅಳತೀದ ಬೇಕು ಅಂತಿದ್ಲು. ಒಮ್ಮಿ ಏನಾತು, ನಮ್ಮ ಮನಿಯವ್ರು ಅಕಿ ಕೈಗೆ ಸಾಬೂನು ಹಚ್ಚಿ...’

ಅಲ್ಲಿಗೆ ನಿಲ್ಲಿಸಿಬಿಡುತ್ತಿದ್ದರು. ‘ಅಯ್ಯ, ನೀ ನಗಬಾರದಲ್ಲ. ಉಳದದ್ದು ನೀ ಆರಾಮ ಆದಮ್ಯಾಲೆ ಹೇಳ್ತೀನಿ.’

ಅವರು ಕೊನೆ ನುಂಗಿದ ಅಂಥ ಕಥೆಗಳು ಎಷ್ಟೋ. ನಗು ಬರುವ ಸ್ಥಿತಿಯಲ್ಲಿ ನಾನಿಲ್ಲವೆಂದು ಅವರಿಗೆ ನಾನು ಹೇಳಲಿಲ್ಲ. ಆದರೂ ಆ ದನಿ ಬೇಕಾಗುತ್ತಿತ್ತು.

ಎರಡನೆಯ ವಾರದಲ್ಲಿ ನನ್ನ ಎಡಗೈ ಹೋಯಿತು. ಬೆಳಿಗ್ಗೆ ಸೆರಗು ಸರಿಮಾಡಿಕೊಳ್ಳಲು ನೋಡಿದರೆ ಎದೆಯ ಮೇಲೆ ಯಾರದೋ ಕೈ ಬಿದ್ದಿತ್ತು. ತೆಗೆಯಿರಿ ಎಂದು ಸಿಸ್ಟರಿಗೆ ಹೇಳಿದೆ. ‘ಅದು ನಿಮ್ಮದ ಕೈ ಅಕ್ಕಾರ,’ ಅಂದರು ಅವರು. ಎಡಗಾಲೂ ಅರ್ಧ ಸತ್ತಿತ್ತು. ಅತ್ತೆ ‘ನಾ ಅವತ್ತ ಹೇಳಿದ್ದೆ, ಸೂಜಿ ಬ್ಯಾಡ ಅಂತ’ ಎಂದು ಗೋಡೆಗೆ ಮುಖ ಮಾಡಿ ನಿಂತರು. ಡಾಕ್ಟರು ಅವರನ್ನು ಕರೆದು ಸಮಾಧಾನದಿಂದ ಹೇಳಿದರು: ‘ಸೂಜಿಯಿಂದ ಅಲ್ಲವ್ವ. ಸೋರಿದ ರಕ್ತಕ್ಕ ಸುತ್ತಲಿನ ನಾಳ ಹೆದರಿ ಮುದುಡ್ಯಾವ. ಆ ಕಡೆ ರಕ್ತ ಸಣ್ಣಾಗಿ ಹೊಂಟೇತಿ. ಸಡಲಾದ್ರ ಕೈ ಬರತೈತಿ.’ ಸಡಿಲಾಗದಿದ್ದರೆ ಎಂದು ಯಾರೂ ಕೇಳಲಿಲ್ಲ.

ಕೈ ಹೋದ ಸುದ್ದಿ ಕೇಳಿ ನಮ್ಮವ್ವ ಮುಂಡರಗಿಯಿಂದ ಬಂದಳು. ಮೊದಲೂ ಒಮ್ಮೆ ಬಂದಿದ್ದಳು, ಆಗ ನಾನು ಗುಳಿಗೆಯ ನಿದ್ದೆಯಲ್ಲಿದ್ದೆ. ಹೆಚ್ಚು ಮಾತಾಡಬಾರದೆಂದು ಹೇಳಿದ್ದರಿಂದ ಕಾಲ ಹತ್ತಿರ ಕೂತು ನನ್ನ ಎಡಗಾಲಿನ ಹೆಬ್ಬೆರಳನ್ನು ಹಿಡಿದುಕೊಂಡಳು. ಅದನ್ನು ಹಿಡಿದದ್ದು ನನಗೆ ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ. ಅವಳಿಗೆ ಅದನ್ನೂ ಹೇಳಲಿಲ್ಲ.

‘ಹುಣಸಿಹಣ್ಣು ಹಸನ ಮಾಡೂದು ಅರ್ಧಕ್ಕ ಬಿಟ್ಟ ಬಂದೀನಿ. ಮುಗಿಸಿ ಬಂದು ಇಲ್ಲೇ ಇದ್ದಬಿಡ್ತೀನಿ,’ ಅಂದಳು.

‘ಹೂಂ,’ ಅಂದೆ.

ಅವಳು ಬಸ್ಸಿನ ಹೊತ್ತಾಯಿತೆಂದು ಎದ್ದಳು. ನಾನು ಅವಳಿಗೆ ಹೇಳಿದ ಕೊನೆಯ ಮಾತು ಆ ‘ಹೂಂ’.

ಆಮೇಲೆ ಒಂದು ಮಧ್ಯಾಹ್ನ ಖತೀಜಾಬಿ ಮಾತಾಡಲಿಲ್ಲ. ಹೊರಗೆ ಪಡಸಾಲೆಯಲ್ಲಿ ಏನೋ ಗುಜುಗುಜು ಆಗಿತ್ತು. ನಮ್ಮವರ ದನಿ ಕೇಳಿದಂತಾಗಿ ನಿಂತಿತ್ತು. ಖತೀಜಾಬಿಯ ಮಂಚ ಬಾಗಿಲಿಗೆ ಹತ್ತಿರ, ಅವರಿಗೆ ಎಲ್ಲ ಕೇಳಿರಬೇಕು. ‘ಬೂಬೂ, ಆರಾಮಿಲ್ಲೇನ್ರಿ?’ ಎಂದು ನಾನೇ ಕೇಳಿದೆ. ‘ಕಾಲ ಭಾಳ ನೋವಾಗಾಕತ್ತೈತಿ ತಂಗಿ,’ ಅಂದರು. ಸ್ವಲ್ಪ ಹೊತ್ತಿನ ಮೇಲೆ ಬಾಯಲ್ಲೇ ದುವಾ ಮಾಡುತ್ತಿರುವುದು ಕೇಳಿಸಿತು. ಅದರಲ್ಲಿ ನನ್ನ ಹೆಸರೂ ಬಂತು.

ಕೆಲವು ದಿನ ಬಿಟ್ಟು ಅಣ್ಣ ಬಂದ. ತಲೆಯ ಮೇಲೆ ಬಿಳಿ ಟೊಪ್ಪಿಗೆ ಇತ್ತು. ಅವನು ಎಂದೂ ಟೊಪ್ಪಿಗೆ ಹಾಕಿದವನಲ್ಲ. ಅದರ ಅಂಚಿನ ಕೆಳಗೆ ಕೂದಲು ಇರಲಿಲ್ಲ. ಸ್ಟೂಲಿನ ಮೇಲೆ ಕೂತು, ಇವತ್ತು ಬಸ್ಸು ಹೊತ್ತಿಗೆ ಸರಿಯಾಗಿ ಬಂತು ಅಂದ. ಕಳಸಾಪುರದ ಕಡೆ ನಾಲ್ಕು ಹನಿ ಮಳೆ ಬಿತ್ತಂತೆ ಅಂದ.

ನಾನು ಏಳೆಂಟು ವರ್ಷ ಬೋರ್ಡಿನ ಮೇಲೆ ಕೆಲಸ ಮಾಡಿದವಳು. ಸಾವಿನ ಸುದ್ದಿಯ ಅರ್ಜೆಂಟ್ ಕಾಲುಗಳನ್ನು ಎಷ್ಟು ಕೂಡಿಸಿದ್ದೇನೋ. ಲೈನು ಸರಿಯಾಗಿದೆಯೇ ಎಂದು ಮೊದಲ ಒಂದೆರಡು ಮಾತು ನಮ್ಮ ಕಿವಿಗೆ ಬಿದ್ದೇ ಬೀಳುತ್ತಿತ್ತು. ಅಂಥ ಸುದ್ದಿ ಹೇಳುವವರು ಮೊದಲು ಮಳೆ ಕೇಳುತ್ತಾರೆ, ಬಸ್ಸು ಕೇಳುತ್ತಾರೆ. ದನಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿರುತ್ತಾರೆ, ತುಂಬಿದ ಕೊಡ ಹೊತ್ತವರ ಹಾಗೆ.

‘ಅವ್ವಗ ಮೊಣಕಾಲ ನೋವು ನೋಡವ್ವ. ಬಸ್ ಹತ್ತಾಕ ಆಗವಲ್ದು. ಅದಕ್ಕ ಬಂದಿಲ್ಲ,’ ಅಂದ ಅಣ್ಣ.

ನಾನು ಅವ್ವನ ಬಗ್ಗೆ ಕೇಳಿರಲೇ ಇಲ್ಲ.

ಅಲ್ಲಿಗೆ ನನಗೆ ತಿಳಿಯಿತು. ಕೇಳಿದರೆ ಅಣ್ಣ ತಡೆಯಲಾರದೆ ಅಳುತ್ತಾನೆ. ಅವನು ಅತ್ತರೆ ನಾನು ಅಳಬೇಕಾಗುತ್ತದೆ. ಅತ್ತರೆ ತಲೆಯೊಳಗಿನದು ಮತ್ತೆ ಒಡೆಯುತ್ತದೆ. ಹೀಗೆ ಒಂದರ ಹಿಂದೆ ಒಂದು ಯೋಚನೆ ತಣ್ಣಗೆ ಬಂತು, ಬೇರೆಯವಳ ತಲೆಯಲ್ಲಿ ಬಂದಂತೆ.

‘ಹಂಗಾರ ಬರೂದು ಬ್ಯಾಡನ್ನು,’ ಅಂದೆ. ‘ಆರಾಮ ಇರಲಿ ಅನ್ನು.’

ಅಣ್ಣ ‘ಹೇಳ್ತೀನವ್ವ’ ಎಂದು ಎದ್ದು ಹೊರಗೆ ಹೋದ. ಆ ದಿನ ಮತ್ತೆ ಒಳಗೆ ಬರಲಿಲ್ಲ.

ಅಂದಿನಿಂದ ಇಡೀ ಮನೆತನ ನನ್ನ ಮುಂದೆ ಒಂದು ಸುಳ್ಳನ್ನು ಕಾಪಾಡಿತು, ನಾನೂ ಕಾಪಾಡಿದೆ. ಅತ್ತೆ ‘ನಿಮ್ಮವ್ವ ಉಪ್ಪಿನಕಾಯಿ ಕಳಿಸ್ಯಾಳ’ ಎಂದು ತಮ್ಮದೇ ಉಪ್ಪಿನಕಾಯಿ ಬಡಿಸಿದರು. ಅದರ ರುಚಿ ನನಗೆ ಗೊತ್ತಿರಲಿಲ್ಲವೇ? ‘ಚಲೋ ಆಗೇತಿ’ ಅಂದೆ. ಅತ್ತೆ ನನ್ನ ಬಾಯೊರೆಸಿದರು, ಎಂದಿಗಿಂತ ಮೆತ್ತಗೆ. ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ ಅಷ್ಟು ಮೃದುತ್ವ ಇದ್ದಿದ್ದಿಲ್ಲ. ದುಃಖಪಡಲು ಬಾರದಿದ್ದರೂ ಅದನ್ನು ನಾನು ಗಮನಿಸಿದೆ.

ಡಾಕ್ಟರು ಮತ್ತೊಮ್ಮೆ ಬೆನ್ನಿನ ನೀರು ತೆಗೆದರು. ಹಳದಿ ಬಂತು. ಹಳೆಯ ರಕ್ತ ಕರಗುತ್ತಿದೆ, ಹೊಸದು ಸೋರಿಲ್ಲ ಅಂದರು. ಇನ್ನೂ ಕೆಲ ದಿನ ಬಿಟ್ಟು ತೆಗೆದದ್ದು ತಿಳಿ ನೀರು. ಅವರು ನಳಿಕೆಯನ್ನು ನಮ್ಮ ಮನೆಯವರ ಕೈಗೇ ಕೊಟ್ಟು ‘ನೋಡ್ರಿ’ ಅಂದರು. ದಿನವೆಲ್ಲ ಸೀಸದ ಮೊಳೆ ಹಿಡಿದು ಕಪ್ಪಾದ ಬೆರಳಲ್ಲಿ ಅವರು ಅದನ್ನು ಹಿಡಿದು ಎಷ್ಟೋ ಹೊತ್ತು ನೋಡಿದರು. ನನಗೆ ಮೊದಲು ದಿಂಬು ಕೊಟ್ಟರು, ಆಮೇಲೆ ಕೂರಿಸಿದರು, ಆಮೇಲೆ ಗೋಡೆ ಹಿಡಿದು ನಡೆಸಿದರು. ಖತೀಜಾಬಿ ನನಗಿಂತ ಮೊದಲೇ ಊರಿಗೆ ಹೋಗಿದ್ದರು. ಹೋಗುವಾಗ ಅವರನ್ನು ಹೊತ್ತ ಸ್ಟ್ರೆಚರನ್ನು ನನ್ನ ಮಂಚದ ಬಳಿ ನಿಲ್ಲಿಸಲು ಹೇಳಿ, ನನ್ನ ಸತ್ತ ಎಡಗೈಯನ್ನು ಹಿಡಿದು, ಬೆರಳುಗಳನ್ನು ಕೂಡಿಸಿ ಒತ್ತಿ ನೋಡಿದರು. ಬಳೆ ತೊಡಿಸುವವರು ನೋಡುವ ಹಾಗೆ. ‘ಕೈ ಇನ್ನೂ ಬೆಚ್ಚಗೈತಿ. ಬರತೈತಿ ತಗೋ,’ ಅಂದರು.

ಮನೆಗೆ ಹೋಗುವ ದಿನ ಟಾಂಗಾದಲ್ಲಿ ನಮ್ಮವರು ನನ್ನ ಪಕ್ಕ ಕೂತಿದ್ದರು. ರೈಲು ಗೇಟು ಹಾಕಿತ್ತು. ಕುದುರೆ ನಿಂತಿತು.

‘ನೀಲಾ, ಒಂದ ಮಾತು ಹೇಳಬೇಕಾಗೇತಿ,’ ಅಂದರು.

‘ಗೊತ್ತೈತ್ರಿ.’

‘ಯಾರ ಹೇಳಿದ್ರು?’

‘ಯಾರೂ ಹೇಳಿಲ್ಲ.’

ಅವರು ನನ್ನ ಮುಖ ನೋಡಿದರು. ಅಲ್ಲಿ ಏನು ಹುಡುಕುತ್ತಿದ್ದರೋ ಅದು ಅವರಿಗೆ ಸಿಗಲಿಲ್ಲ. ಗೂಡ್ಸ್ ಗಾಡಿ ಹಾದುಹೋಯಿತು. ಗೇಟು ತೆರೆಯಿತು.

‘ರೊಟ್ಟಿ ಬಡಿಯಾಕ ಕುಂತಿದ್ರಂತ. ಎದಿ ಹಿಡಕೊಂಡು ಹಂಗ ಒರಗಿದ್ರಂತ. ನೋವುಣ್ಣಲಿಲ್ಲ,’ ಅಂದರು. ನಾನು ‘ಹೂಂ’ ಅಂದೆ.

ಪ್ರಯಾಣ ಮಾಡಬಹುದು ಎಂದು ಡಾಕ್ಟರು ಹೇಳಿದ ಮೇಲೆ ಮುಂಡರಗಿಗೆ ಹೋದೆವು. ಅವ್ವ ಹೋಗಿ ತಿಂಗಳುಗಳೇ ಆಗಿದ್ದವು. ಆದರೂ ನಮ್ಮ ಕಡೆ, ಮಗಳು ಎಷ್ಟು ತಡವಾಗಿ ಬಂದರೂ ಅವಳು ಹೊಸ್ತಿಲು ತುಳಿದಾಗ ಓಣಿಯ ಹೆಂಗಸರು ಕೂಡಿ, ಸತ್ತವರನ್ನು ಹಾಡಿ ಹೊಗಳಿ ಅಳಲೇಬೇಕು. ಅವರೆಲ್ಲ ನನಗಾಗಿ ಕಾದಿದ್ದರು. ನಾನು ಕಾಲೆಳೆಯುತ್ತ ಒಳಗೆ ಬಂದದ್ದೇ ದೊಡ್ಡವ್ವ ಸೆರಗು ಮುಖಕ್ಕೆ ಹಿಡಿದು ಶುರುಮಾಡಿದಳು.

‘ನಿನ್ನವ್ವ ಎಲ್ಲಿ ಹೋದಳಽ ನೀಲಾ, ಬಾಗಿಲಾಗ ನಿಂತು ದಾರಿ ನೋಡೂ ನಿನ್ನವ್ವ...’

‘ಬ್ಯಾಡ್ರಿ! ಡಾಕ್ಟರ್ ಬ್ಯಾಡಂದಾರ!’ ನಮ್ಮವರು ಹಿಂದಿನಿಂದ ಓಡಿಬಂದು ಎರಡೂ ಕೈ ಅಡ್ಡ ಹಿಡಿದು ನಿಂತರು. ‘ಯಾರೂ ಅಳಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ. ಅಕಿ ತಲ್ಯಾಗಿಂದು ಮತ್ತ ಒಡೀತೈತಿ!’

ಅಳು ಅರ್ಧಕ್ಕೆ ನಿಂತಿತು. ಹತ್ತು ಹನ್ನೆರಡು ಹೆಂಗಸರು ಸೆರಗನ್ನು ಬಾಯಲ್ಲಿ ತುರುಕಿಕೊಂಡು ಕೂತರು. ಒಬ್ಬರ ಭುಜ ಕುಲುಕುತ್ತಿತ್ತು, ದನಿ ಇರಲಿಲ್ಲ. ಹೊರಗೆ ಯಾರೋ ಮೇಕೆಯನ್ನು ಗದರಿಸುತ್ತಿದ್ದುದು ಕೇಳುತ್ತಿತ್ತು. ನಾನು ಅವ್ವ ಕೂರುತ್ತಿದ್ದ ಕಂಬಕ್ಕೆ ಆತು ಕೂತೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನನ್ನ ಕಣ್ಣು ಒಣಗಿದ್ದವು. ದೂರದ ಸಂಬಂಧಿಯೊಬ್ಬಳು ಪಕ್ಕದವಳಿಗೆ, ‘ಮಗಳ ಚಿಂತ್ಯಾಗ ಸತ್ಲು. ಮಗಳ ಕಣ್ಣಾಗ ಒಂದ ಹನಿ ಇಲ್ಲ,’ ಅಂದದ್ದು ಕೇಳಿಸಿತು. ಆ ಮಾತು ಸಹ ತಾಗಲಿಲ್ಲ. ತಾಗಬೇಕಿತ್ತು ಎಂಬುದಷ್ಟೇ ಗೊತ್ತಾಯಿತು.

ದೊಡ್ಡವ್ವ ಆಕೆಯ ಕಡೆ ತಿರುಗಿದಳು. ‘ನೀ ಬಾಯಿ ಮುಚ್ಚಲೇ.’ ಆಮೇಲೆ ಮೊಣಕಾಲೂರಿ ಹತ್ತಿರ ಸರಿದು ನನ್ನ ತಲೆಯ ಮೇಲೆ ಕೈ ಇಟ್ಟಳು. ಗಾಜಿನ ಮೇಲೆ ಇಟ್ಟ ಹಾಗೆ ಇಟ್ಟಳು.

‘ನೀ ಅಳಬ್ಯಾಡವ್ವ. ನಿನ್ನ ಪಾಲಿಂದೂ ನಾವ ಅತ್ತೀವಿ.’

ಯಾರಾದರೂ ನನಗೆ ಮಾಡಿದ ಅತಿ ದೊಡ್ಡ ಸಹಾಯ ಅದು ಎಂದು ಈಗ ಅನ್ನಿಸುತ್ತದೆ. ಆಗ ನಾನು ಬರೀ ತಲೆ ಆಡಿಸಿದೆ.

ಎಕ್ಸ್‌ಚೇಂಜಿಗೆ ಮರಳಿದಾಗ ಬೋರ್ಡಿನ ಕೆಲಸ ನನಗೆ ಆಗಲಿಲ್ಲ. ಎಡಗೈಯ ಬೆರಳು ಲೈನು ಕೂಡಿಸುವ ವೈರು ಹಿಡಿಯುತ್ತಿರಲಿಲ್ಲ. ಬಿಲ್ಲಿನ ವಿಭಾಗದಲ್ಲಿ ಕೂರಿಸಿದರು. ಕೈ ನಿಧಾನವಾಗಿ ಬಂತು, ಪೂರ್ತಿ ಬರಲಿಲ್ಲ. ಕಿರುಬೆರಳು ಮತ್ತು ಅದರ ಪಕ್ಕದ್ದು ಇಂದಿಗೂ ನನ್ನವಲ್ಲ. ಮನಸ್ಸು ಅದಕ್ಕಿಂತ ನಿಧಾನ. ಸುಮಾ ಶಾಲೆಯಿಂದ ಓಡಿಬಂದು ತಬ್ಬಿದರೆ ಬೆನ್ನು ತಟ್ಟುತ್ತಿದ್ದೆ, ತಟ್ಟಬೇಕೆಂಬ ನೆನಪಿನಿಂದ. ಗುಳಿಗೆ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು.

ಒಮ್ಮೆ ತೋರಿಸಿಕೊಳ್ಳಲು ಹೋದಾಗ ಡಾಕ್ಟರನ್ನು ಕೇಳಿದೆ. ನಮ್ಮವರು ಹೊರಗಿದ್ದರು.

‘ಸಾಹೇಬ್ರ, ನಾ ಅಳಬಹುದೇನ್ರಿ?’

ಅವರು ಬರೆಯುತ್ತಿದ್ದುದನ್ನು ನಿಲ್ಲಿಸಿದರು. ‘ಅಂದ್ರ?’

‘ಅಳಬಾರದು ಅಂತ ನೀವು ಅಂದಿದ್ರಿ. ಈಗ ಅಳಬಹುದೇನು?’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಅವ್ವಾ, ಅದು ಹಾಸಿಗಿ ಮ್ಯಾಲಿದ್ದಾಗಿನ ಮಾತು. ನೀ ಮನಿಗೆ ಹೋದ ದಿನಾನ ಅಳಬಹುದಿತ್ತು. ನಾ ಹೇಳಾಕ ಮರತೆ,’ ಅಂದರು. ಆಮೇಲೆ, ‘ಈಗ ಬರತೈತೇನು ಅಳು?’ ಎಂದು ಕೇಳಿದರು.

‘ಇಲ್ರಿ. ಸುಮ್ನ ಕೇಳಿದೆ.’

ಅವ್ವನಿಗಾಗಿ ನಾನು ಇವತ್ತಿಗೂ ಸರಿಯಾಗಿ ಅತ್ತಿಲ್ಲ. ಎಂದಾದರೂ ಬಂದೀತೆಂದು ಮೊದಮೊದಲು ಕಾದೆ, ಆಮೇಲೆ ಕಾಯುವುದು ಬಿಟ್ಟೆ. ತಲೆಯಲ್ಲಿ ಎಲ್ಲಿ ಒಡೆದಿತ್ತು, ಅದು ಹೇಗೆ ಮುಚ್ಚಿಕೊಂಡಿತು ಅನ್ನುವುದೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಬದುಕಬಹುದು. ಇದನ್ನು ಬರೆಯಲು ಕಾರಣ ಒಬ್ಬ ಹುಡುಗಿ.

ಅವಳು ಶಿರಹಟ್ಟಿಯವಳು, ಹೆಸರು ಅನಸೂಯಾ. ಕೆಲವು ವರ್ಷಗಳ ನಂತರದ ಮಾತು. ಅವಳಿಗೂ ಹಾಗೇ ಒಡೆದಿತ್ತು. ಕಾಲ ಮುಂದುವರಿದಿತ್ತು, ಬೆಂಗಳೂರಿಗೆ ಒಯ್ದು ಆಪರೇಶನ್ ಮಾಡಿಸಿದ್ದರು. ಯಾರಿಂದಲೋ ನನ್ನ ಸುದ್ದಿ ತಿಳಿದ ಅವಳ ಗಂಡ ಗದಗಿಗೆ ಬಂದು, ‘ಅಕಿ ಯಾರ ಕೂಡಾನೂ ಮಾತಾಡವಲ್ಲಳ್ರಿ. ನೀವೊಮ್ಮಿ ಬರ್ರಿ,’ ಎಂದು ಕೇಳಿದ್ದ. ನಾನು ಬಸ್ಸಿನಲ್ಲಿ ಹೋದೆ.

ಬೋಳಿಸಿದ ತಲೆಯಲ್ಲಿ ಕೂದಲು ಆಗಷ್ಟೇ ಚಿಗುರುತ್ತಿತ್ತು. ಕಿವಿಯ ಮೇಲಿಂದ ಹೊಲಿಗೆಯ ಗುರುತು. ಅವಳ ಅತ್ತೆ ಚಹಾ ಮಾಡಲು ಒಳಗೆ ಹೋದರು. ನಡೆಯಲು ಕಲಿಯುತ್ತಿದ್ದ ಮಗು ತಪ್ಪುಹೆಜ್ಜೆ ಇಡುತ್ತ ಬಂದು ಅವಳ ಮಡಿಲಿಗೆ ಬಿತ್ತು. ಅವಳು ಅದರ ಬೆನ್ನು ತಟ್ಟಿದಳು. ಆ ತಟ್ಟುವಿಕೆಯನ್ನು ನಾನು ನೋಡಿದ ಕೂಡಲೇ ಗುರುತಿಸಿದೆ.

‘ಏನೂ ಅನಸವಲ್ದು, ಹೌದಿಲ್ಲೋ?’ ಎಂದು ಕೇಳಿದೆ.

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ‘ನಿಮಗ ಹೆಂಗ ಗೊತ್ತಾತ್ರಿ? ಹಡದ ಕೂಸು ಬಂದ ಅಪ್ಪಿಕೊಂಡ್ರೂ ಕಟಿಗಿ ಹಿಡದಂಗ ಆಗತೈತ್ರಿ ಅಕ್ಕಾರ. ಯಾರಿಗೂ ಹೇಳಿಲ್ಲ. ಹೇಳಿದ್ರ ಏನಂದಾರು?’

‘ನನಗೂ ಹಂಗ ಆಗಿತ್ತು.’

‘ಖರೇನಾ?’

‘ಖರೇನ. ನಮ್ಮವ್ವ ಸತ್ತಾಗ ಕಣ್ಣಾಗ ಒಂದ ಹನಿ ಬರಲಿಲ್ಲ.’

ಅವಳು ಮಗುವನ್ನು ಇನ್ನೊಂದು ತೊಡೆಗೆ ಸರಿಸಿದಳು. ‘ಆಮ್ಯಾಲೆ ಬಂತೇನ್ರಿ? ಅನಸೂದು?’

‘ಬಂತು. ಪೂರಾ ಬರಲಿಲ್ಲ, ನನ್ನ ಕೈ ಬಂದಂಗ ಬಂತು.’

‘ಮೊದಲ ಹೆಂಗ ಬಂತ್ರಿ? ಅಳು ಬಂತೇನು?’

‘ಇಲ್ಲ. ಮೊದಲ ಸಿಟ್ಟ ಬಂತು,’ ಅಂದೆ.

ಅದನ್ನು ನಾನು ಆವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳುವಂಥ ದೊಡ್ಡ ಸಂಗತಿಯೂ ಅಲ್ಲ. ಗದಗ-ಬೆಟಗೇರಿಯಲ್ಲಿ ನೀರಿನ ಪಾಡು ಶಿರಹಟ್ಟಿಯವರಿಗೂ ಗೊತ್ತು. ನಮ್ಮ ಓಣಿಯ ನಳಕ್ಕೆ ನೀರು ಬರುವುದೇ ಅಪರೂಪ. ಬಂದ ದಿನ ನಾನು ಒಂದೇ ಕೈಯಲ್ಲಿ ಕೊಡ ಎಳೆದುಕೊಂಡು ಪಾಳಿಯಲ್ಲಿ ನಿಂತಿದ್ದೆ. ನನ್ನ ಪಾಳಿ ಬಂದಾಗ ಎದುರು ಮನೆಯವಳು ನನ್ನ ಕೊಡವನ್ನು ಕಾಲಿನಿಂದ ಸರಿಸಿ ತನ್ನದನ್ನಿಟ್ಟಳು.

‘ಅಷ್ಟ ನೋಡಿದ್ದ ತಡಾ, ನನ್ನ ಹೊಟ್ಟ್ಯಾಗಿಂದ ಏನೋ ಎದ್ದು ಬಂತು ನೋಡ ಅನಸೂಯಾ. ನನ್ನ ಬಾಯಾಗ ಅಂಥಾ ಮಾತು ಅದಾವ ಅಂತ ನನಗ ಗೊತ್ತಿರಲಿಲ್ಲ. ಅಕಿ ಅಜ್ಜನ ಕಾಲದಿಂದ ಹಿಡದು ಬೈದೆ. ಅಕಿ ಕೊಡ ಎತ್ತಿ ಗಟಾರಕ್ಕ ಒಗದೆ. ನಮ್ಮ ಮನಿಯವ್ರು ಅರ್ಧಾ ಗಡ್ಡಕ್ಕ ಸಾಬೂನು ಹಚಗೊಂಡಾವರು ಹಂಗ ಓಡಿ ಬಂದ್ರು. ಸಿಟ್ಟಾಗಬ್ಯಾಡ, ಸಿಟ್ಟಾಗಬ್ಯಾಡ, ಒಡೀತೈತಿ ಅಂತಾರು. ನಾ ಏನಂದೆ ಗೊತ್ತೈತೇನು? ಒಡದ್ರ ಒಡೀಲಿ, ಮೊದಲ ನನ್ನ ಕೊಡ ತುಂಬಲಿ ಅಂದೆ.’

ಅನಸೂಯಾಳ ಬಾಯಿಯ ಒಂದು ತುದಿ ಅಲುಗಿತು. ಎದುರು ಮನೆಯವಳು ಏನು ಮಾಡಿದಳೆಂದು ಕೇಳಿದಳು.

‘ಏನ ಮಾಡ್ಯಾಳು? ಸತ್ತ ಬದುಕಿದಾಕಿ ಕೂಡ ಯಾರ ಜಗಳಾಡ್ತಾರ ಅಂತ ತಾನ ನನ್ನ ಕೊಡ ತುಂಬಿ, ಮನೀಮಟಾ ಹೊತ್ತಗೊಂಡ ಬಂದು ಇಟ್ಟ ಹೋದ್ಲು.’

ಮೊದಲು ಮೂಗಿನಿಂದ ಬಂದಂಥ ಒಂದು ಸಣ್ಣ ಸದ್ದು. ಆಮೇಲೆ ಅವಳ ಭುಜ ಕುಲುಕಿತು. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು, ತಡೆಯಲಾಗಲಿಲ್ಲ. ಮಡಿಲಲ್ಲಿದ್ದ ಮಗು ತಲೆಯೆತ್ತಿ ತಾಯಿಯ ಮುಖವನ್ನೇ ನೋಡಿತು. ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಅವಳ ಅತ್ತೆ ಇಕ್ಕಳ ಕೈಯಲ್ಲಿ ಹಿಡಿದೇ ಬಾಗಿಲಿಗೆ ಓಡಿಬಂದರು.

‘ಏನಾತು? ಅಯ್ಯೋ, ಏನಾತವ್ವಾ ಅನಸೂಯಾ?’

‘ಏನೂ ಆಗಿಲ್ರಿ ಅತ್ತಿ,’ ಅಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. ‘ನಗು ಬಂತು.’